ಅಡ್ಡಹೆಸರಿನ ವಾರಸುದಾರರು

ಮೊನ್ನೆ ಮತ್ತೊಂದು ಇಮೇಲ್ ಬಂತು. ನನ್ನ ಮನೆತನದ ಅಡ್ಡಹೆಸರಿನವನೇ ಒಬ್ಬ ಯಾವುದೋ ದೇಶದಲ್ಲಿ ತೀರಿಕೊಂಡಿದ್ದಾನಂತೆ, ಅವನ ಕೋಟಿಗಟ್ಟಲೆ ಆಸ್ತಿಗೆ ನಾನೇ ವಾರಸುದಾರನಂತೆ. ಇಷ್ಟು ವರ್ಷವಾದರೂ ಈ ಕಳ್ಳರಿಗೆ ಹೊಸ ಸುಳ್ಳು ಹೆಣೆಯುವ ಬುದ್ಧಿ ಬಂದಿಲ್ಲ. ಜವಾಬು ಕೊಡದೆ ಅಳಿಸಿದೆ. ಅವರ ಮೇಲೆ ನನಗೆ ಸಿಟ್ಟೂ ಬರುವುದಿಲ್ಲ. ಇದ್ದ ಸಿಟ್ಟೆಲ್ಲ ದೊಡ್ಡಪ್ಪನ ಮೇಲೆ ಖರ್ಚಾಗಿ ಹೋಗಿದೆ.

ತೊಂಬತ್ತರ ದಶಕದಲ್ಲಿ, ನಾನು ಕಾಲೇಜು ಓದುತ್ತಿದ್ದಾಗ, ಇದೇ ಸುಳ್ಳು ಟಪಾಲಿನಲ್ಲಿ ಬಂದಿತ್ತು. ಜೇವರ್ಗಿಯಲ್ಲಿ ದೊಡ್ಡಪ್ಪನ ಅಡತಿ ಅಂಗಡಿ, ತೊಗರಿಯ ದಲ್ಲಾಳಿ ವ್ಯಾಪಾರ. ಅದರ ವಿಳಾಸಕ್ಕೆ ಪರದೇಶದ ವಕೀಲನೊಬ್ಬ ಬರೆದಿದ್ದ: ನಿಮ್ಮ ಅಡ್ಡಹೆಸರಿನವರೇ ಆದ 'ಅತನೂರ' ಎಂಬ ಶ್ರೀಮಂತರು ಅಪಘಾತದಲ್ಲಿ ಸತ್ತರು, ಅವರ ರಕ್ತಸಂಬಂಧಿ ನೀವೇ, ಕಾಗದಪತ್ರದ ಖರ್ಚು ಮತ್ತು ವಾರಸುದಾರರ ಫೋಟೋ ಕೂಡಲೇ ಕಳಿಸಿರಿ. ಇಂಗ್ಲಿಷ್ ಓದಿ ಹೇಳಿದವನು ನಾನು. ಓದಿ ನಕ್ಕೆ. ದೊಡ್ಡಪ್ಪ ನಗಲಿಲ್ಲ.

ಅವರ ತಮ್ಮ, ಅಂದರೆ ನನ್ನ ಕಾಕಾ, ಮುಂಬಯಿಗೆ ಹೋಗಿ ಅಲ್ಲಿಂದ ಹಡಗು ಹತ್ತಿದವನು. ವರ್ಷಗಳಿಂದ ಅವನ ಸುದ್ದಿಯಿರಲಿಲ್ಲ. ಅವನ ಹೆಂಡತಿ, ನಮ್ಮ ಕಾಕು, ಮಾತ್ರ ದಿನವೂ ಕುಂಕುಮ ಹಚ್ಚಿ, ಕೈತುಂಬ ಹಸಿರು ಬಳೆ ತೊಟ್ಟು ಅವನ ದಾರಿ ಕಾಯುತ್ತಿದ್ದಳು. ತಮ್ಮನನ್ನು ಹುಡುಕಲು ಒಂದು ಕಾರ್ಡನ್ನೂ ಬರೆಯದ ದೊಡ್ಡಪ್ಪ, ಆವತ್ತು ಅಂಗಡಿಯ ಗಾದಿಯ ಮೇಲೆ ಕೂತು, ಸತ್ತವನು ಅವನೇ ಅಂತ ಗೊಳೋ ಎಂದು ಅತ್ತರು. ಹಣ ಅಂದರೆ ಹೆಣವೂ ಬಾಯಿ ಬಿಡುತ್ತದೆ ಅನ್ನುತ್ತಾರೆ. ಇಲ್ಲಿ ಹೆಣವೇ ಇರಲಿಲ್ಲ, ಬಾಯಿ ಬಿಟ್ಟವರು ದೊಡ್ಡಪ್ಪ.

ವಿಧವೆಯ ಫೋಟೋ ಕಳಿಸಿದರೆ ಕೆಲಸ ಬೇಗ ಆದೀತು ಎಂಬುದು ಅವರ ಎಣಿಕೆ. ಮರುದಿನ ಸಂಜೆ ಪಡಸಾಲೆಯಲ್ಲಿ ಕಾಕುವನ್ನು ಕರೆದು ಕೂರಿಸಿದರು.

"ಅಂವ ಹೋದ, ಯವ್ವಾ. ಬಳಿ ತಗೀ, ಕುಂಕುಮ ಒರಸ್ಕೋ. ನಾಳೆ ಫೋಟೋ ತೆಗಸೋಣು."

ನನಗೆ ಮೈಯೆಲ್ಲ ಉರಿಯಿತು. ಕಾಕು ಅಳಲಿಲ್ಲ. ನನ್ನ ಕಡೆ ತಿರುಗಿ, "ಸತ್ತವರ ಹೆಸರ ಏನ್ ಬರದದ, ಓದಪಾ" ಎಂದಳು.

"ಹೆಸರ ಇಲ್ಲ ಕಾಕು. ಬರೇ ಅತನೂರ ಅಂತದ."

ನಮ್ಮ ಕಡೆ ಅಡ್ಡಹೆಸರೆಂದರೆ ಬಹಳ ಮಂದಿಗೆ ಊರಿನ ಹೆಸರು. ಅತನೂರು ಬಿಟ್ಟು ಬಂದ ಲಿಂಗಾಯತನೂ ಅತನೂರ, ಮುಸಲ್ಮಾನನೂ ಅತನೂರ, ಕಂಬಾರನೂ ಅತನೂರ. ಪರದೇಶದ ಕಳ್ಳನಿಗೆ ಇದು ಗೊತ್ತಿರಲಿಲ್ಲ, ಪಾಪ. ದೊಡ್ಡಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

ಕಾಕು ಎದ್ದು ಬಾಗಿಲಿಗೆ ಹೋಗಿ ಎದುರುಮನೆಯ ಮುಸಲ್ಮಾನ ವ್ಯಾಪಾರಿಯನ್ನು ಕೂಗಿದಳು. ಅವರೂ ನಮ್ಮ ಹಾಗೆ ಅತನೂರಿನಿಂದ ಬಂದು ಕಾಳಿನ ವ್ಯಾಪಾರ ಹಿಡಿದವರು. ವಿಷಯ ಕೇಳಿದ್ದೇ ತಡ, ಮನೆಗೆ ಹೋಗಿ ಅಂಥದೇ ಲಕೋಟೆ ತಂದರು.

"ನಮಗೂ ಬಂದದರಿ ಅಕ್ಕಾರ. ನಮ್ಮ ಚಾಚಾ ಸತ್ತಾನಂತ ಹೆದರಿ ಓಡಿ ಹೋದ್ನಿ. ಅಂವ ನೋಡಿದ್ರ ಕಟ್ಟಿ ಮ್ಯಾಲ ಕುಂತು ಚಾ ಕುಡಿಯಾಕತ್ತಿದ್ದ!"

ಎಲ್ಲರೂ ನಕ್ಕೆವು. ದೊಡ್ಡಪ್ಪ ಎರಡೂ ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು. ಮುಖ ಇಳಿದುಹೋಗಿತ್ತು.

"ಹಂಗಾದ್ರ ಅಂವ ಸತ್ತಿಲ್ಲ ಅಂದಂಗಾತು" ಎಂದರು.

ಕಾಕು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

"ಹೌದ್ರಿ ಭಾವಾರ. ನಿಮಗ ಭಾಳ ಲುಕ್ಸಾನ ಆತು" ಎಂದು ಹೇಳಿ, ಬಳೆಗಳನ್ನು ಮುಂಗೈ ಮೇಲಕ್ಕೆ ಸರಿಸಿ, ರೊಟ್ಟಿ ಬಡಿಯಲು ಒಳಗೆ ಹೋದಳು.