ಸಣ್ಣ ಹಕ್ಕಿಗೆ ಒಪ್ಪದ ಅಂಕಲ್

ಶಾಲೆಯಲ್ಲಿ ಕಲ್ಲಿನ ಸ್ಲೇಟನ್ನು ಉಗುಳು ಹಚ್ಚಿ ಒರೆಸಿದವರಿಗೆಲ್ಲ ಆ ವಾಸನೆ ಗೊತ್ತು. ಮೊನ್ನೆ ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಅಮೆರಿಕಾದ ವೆಸ್ಟ್‌ಮಂಟ್‌ನ ನನ್ನ ಅಡುಗೆಮನೆಯಲ್ಲಿ ಅದೇ ವಾಸನೆ ಎದ್ದಿತು. ಕಪಾಟಿನ ಮೂಲೆಯಿಂದ ತೆಗೆದು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದದ್ದು ಅಂಗೈಯಗಲದ, ದುಂಡಗೆ ಕತ್ತರಿಸಿದ ಒಂದು ಸ್ಲೇಟು. ಮರದ ಬಟ್ಟಲೊಂದರ ಬಾಯಿಗೆ ಕೂರಿಸಿದ್ದು. ಒರೆಸುತ್ತಿದ್ದ ಕೈ ತಾನಾಗಿ ನಿಂತಿತು. ಯಾರೋ ಬೆನ್ನ ಹಿಂದೆ ನಿಂತಿದ್ದಾರೆ ಅನ್ನಿಸಿತು. ತಿರುಗಿ ನೋಡಲಿಲ್ಲ. ಈ ಸ್ಲೇಟು ಯಾರದಾಗಿತ್ತೋ ಆ ಅಂಕಲ್ ಜೊತೆ ಕಾಡಿಗೆ ಹೋಗಿ ಬಂದಾಗಿನಿಂದ, ಹೀಗೆ ಅನ್ನಿಸಿದಾಗ ತಿರುಗುವುದನ್ನು ಬಿಟ್ಟಿದ್ದೇನೆ.

ವಿಕ್ಸಮ್‌ನಲ್ಲಿ ನಾನು ಮೊದಲಿದ್ದಾಗ ಅವರು ನನ್ನ ಪಕ್ಕದ ಮನೆಯವರು. ಬಾಗಲಕೋಟೆ ಕಡೆಯವರು, ಎಡಚರು, ಹಟಮಾರಿ. ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದರು. ವಸಂತ ಬಂತೆಂದರೆ ಟರ್ಕಿ ಕೋಳಿಯ ಬೇಟೆ. ಹೆಣ್ಣು ಟರ್ಕಿಯ ಕೂಗನ್ನು ಅನುಕರಿಸಿ ಹುಂಜವನ್ನು ಹತ್ತಿರ ಕರೆಯಬೇಕು. ಅದಕ್ಕೆ ಅಂಗಡಿಯಲ್ಲಿ ಬಗೆಬಗೆಯ ಸಾಧನಗಳು ಸಿಗುತ್ತವೆ. ಅಂಕಲ್ ಮಾತ್ರ ಊರಿನಿಂದ ತಂದಿದ್ದ ಒಡೆದ ಪಾಟಿಯನ್ನು ಕಾರ್ಖಾನೆಯ ಯಂತ್ರದಲ್ಲಿ ದುಂಡಗೆ ಕೊಯ್ದು ತಮ್ಮದೇ ಒಂದನ್ನು ಮಾಡಿಕೊಂಡಿದ್ದರು. ಸ್ಲೇಟಿಗೆ ಅವರು ಪಾಟಿ ಎಂದೇ ಹೇಳುತ್ತಿದ್ದರು. ಅದರ ಮೇಲೆ ಮರದ ಕಡ್ಡಿಯನ್ನು ಒತ್ತಿ ಸುತ್ತಿಸಿದರೆ ಮೈ ಜುಮ್ಮೆನ್ನುವಂಥ ಕೂಗು ಹೊರಡುತ್ತಿತ್ತು. ಅದು ಅವರ ಅಣ್ಣ ಶಾಲೆ ಬಿಟ್ಟಾಗ ತಮ್ಮನ ಕೈಗೆ ಬಂದ ಪಾಟಿ.

ಆ ಅಣ್ಣನೇ ಅವರಿಗೆ ಹೊಲದ ಬದುವಿನಲ್ಲಿ ಕೌಜುಗ ಹಿಡಿಯುವುದನ್ನು ಕಲಿಸಿದವನು. ಅಮೆರಿಕಾದ ದೊಡ್ಡ ಹುಂಜದ ವಿಷಯ ಅಂಕಲ್ ಫೋನಿನಲ್ಲಿ ಕೊಚ್ಚಿಕೊಂಡಾಗ, ಎದೆಯ ಮೇಲೆ ಗಡ್ಡ ಜೋತುಬಿದ್ದ ಅಂಥ ಹಕ್ಕಿಯೊಂದನ್ನು ನನಗೂ ತಿನ್ನಿಸು ಎಂದಿದ್ದನಂತೆ. ತಿನ್ನುವ ಮೊದಲೇ ತೀರಿಕೊಂಡ. ಅಂದಿನಿಂದ ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ಅಂಕಲ್ ಮನೆಯ ಹಿಂದಿನ ಮರದ ಡೆಕ್ಕಿನ ಮೇಲೆ ಅಣ್ಣನಿಗೆ ಎಡೆ. ಆಂಟಿ ರೊಟ್ಟಿ ಬಡಿದು, ಅಂಗಡಿಯಿಂದ ತಂದ ಕೋಳಿಯ ಸಾರು ಮಾಡಿ ಇಡುತ್ತಿದ್ದರು. ಕಾಗೆಗಳು ಬರುತ್ತಿದ್ದವು. ಕಟಾಂಜನದ ಮೇಲೆ ಸಾಲಾಗಿ ಕೂರುತ್ತಿದ್ದವು, ತಲೆ ವಾಲಿಸಿ ನೋಡುತ್ತಿದ್ದವು, ಒಂದೂ ಎಡೆಯನ್ನು ಮುಟ್ಟುತ್ತಿರಲಿಲ್ಲ. ಕಸದ ಡಬ್ಬಿಯಿಂದ ಪಿಜ್ಜಾ ಎಳೆದು ತಿನ್ನುವ ಕಾಗೆಗಳವು! ನಾನು ನಮ್ಮ ಅಂಗಳದಿಂದ ನೋಡಿ ಮೊದಮೊದಲು ನಗುತ್ತಿದ್ದೆ. ಆಮೇಲೆ ನಗು ಬರಲಿಲ್ಲ.

"ಸಣ್ಣದು ಕೊಟ್ಟರ ಅಣ್ಣ ಮುಟ್ಟಂಗಿಲ್ಲವ್ವಾ," ಎನ್ನುತ್ತಿದ್ದರು ಅಂಕಲ್. "ಕೇಳಿದ್ದನ್ನ ಕೊಡಬೇಕು."

ನಾವು ಕಾಡಿಗೆ ಹೋದ ಆ ವಸಂತದಲ್ಲಿ ಡಾಕ್ಟರು ಅವರ ಎದೆಗೆ ಪೇಸ್‌ಮೇಕರ್ ಕೂರಿಸಬೇಕೆಂದರು. ಎಡ ಭುಜಕ್ಕೆ ಬಂದೂಕು ಒತ್ತುವ ಮನುಷ್ಯ. ಅದು ಕೂತ ಮೇಲೆ ಬಂದೂಕಿನ ಒದೆತ ಎದೆಗೆ ಬೀಳುವಂತಿಲ್ಲ. ಹಾಗಾಗಿ ಅಣ್ಣನ ಹಕ್ಕಿಗೆ ಅದೇ ಕೊನೆಯ ಸೀಸನ್ನು. ಬೇಟೆಯ ಲೈಸೆನ್ಸಿಗೆ ಒಂದೇ ದಿನ ಉಳಿಯುವವರೆಗೂ ಬರಿಗೈಯಲ್ಲೇ ಬಂದರು. ಆ ಕೊನೆಯ ದಿನ ಒಬ್ಬರನ್ನೇ ಕಳಿಸಲು ಆಂಟಿಗೆ ಧೈರ್ಯವಾಗಲಿಲ್ಲ. ಡ್ರೈವ್ ಮಾಡಲು ನಾನು ಹೊರಟೆ.

ಹೊರಡುವಾಗ ಬಾಯಿ ಸುಮ್ಮನಿರಬೇಕಲ್ಲ. "ಎಲ್ಲಿಗೆ ಹೋಗೋದು ಅಂಕಲ್?" ಎಂದು ಕೇಳಿಬಿಟ್ಟೆ. ಅವರು ಮುಖ ಸಿಂಡರಿಸಿ ಕಾರಿನಿಂದ ಇಳಿದು, ಮನೆಯೊಳಗೆ ಹೋಗಿ ಕೂತು, ನೀರು ಕುಡಿದು ಮತ್ತೆ ಬಂದರು. ದಾರಿಯುದ್ದಕ್ಕೂ ಹೆದ್ದಾರಿಯ ಎಕ್ಸಿಟ್‌ಗಳನ್ನಷ್ಟೇ ಹೇಳುತ್ತ ಕೂತರು.

ಜೌಗಿನ ಪಕ್ಕದ ಕಾಡು. ಮಂಜು ಮೊಣಕಾಲಿನ ಎತ್ತರಕ್ಕೆ ನಿಂತಿತ್ತು. ಒಂದು ಓಕ್ ಮರದ ಬುಡದಲ್ಲಿ ಕೂತು ಅಂಕಲ್ ಪಾಟಿ ಉಜ್ಜಿದರು. ಜೌಗಿನ ಆಚೆಯಿಂದ ಹುಂಜವೊಂದು ಗೊಳಗೊಳ ಎಂದು ಉತ್ತರ ಕೊಟ್ಟಿತು. ಒರಟು, ಮುದಿ ದನಿ. ಪ್ರತಿ ವರ್ಷ ಉತ್ತರ ಕೊಟ್ಟು ಎಂದೂ ಕಣ್ಣಿಗೆ ಬೀಳದ ಹುಂಜ ಅದೇ ಎಂದು ಪಿಸುದನಿಯಲ್ಲಿ ತಿಳಿಸಿದರು. ನಾವು ಎದ್ದು ಸದ್ದಿಲ್ಲದೆ ಆ ಕಡೆಗೆ ಜಾಗ ಬದಲಿಸಿದೆವು. ಮತ್ತೆ ಪಾಟಿ ಉಜ್ಜಿದರು. ಈ ಸಲ ಉತ್ತರ ಬಂದದ್ದು ನಾವು ಆಗಷ್ಟೇ ಬಿಟ್ಟು ಬಂದ ಓಕ್ ಮರದ ಬುಡದಿಂದ.

ಅಲ್ಲಿಂದಾಚೆ ಕಾಡಿನಲ್ಲಿ ಬೇರೆ ಯಾವ ಹಕ್ಕಿಯೂ ಕೂಗಲಿಲ್ಲ. ಕೂಗುತ್ತಿದ್ದವು ಯಾವಾಗ ನಿಂತವೋ ನನಗೆ ತಿಳಿಯಲೇ ಇಲ್ಲ...

ಆಗ ಮಂಜಿನೊಳಗಿಂದ ಒಂದು ಹರೆಯದ ಹುಂಜ ಬಂತು. ಇಲ್ಲಿಯವರು ಜೇಕ್ ಎನ್ನುತ್ತಾರೆ. ಎದೆಯ ಗಡ್ಡ ಹೆಬ್ಬೆರಳಿನಷ್ಟು ಉದ್ದ, ಅಷ್ಟೇ. ಹೊಡೆಯಲು ಕಾನೂನಿನ ಅಡ್ಡಿಯಿಲ್ಲ. ಕಲ್ಲೆಸೆತದ ದೂರದಲ್ಲಿ ಪೆದ್ದುಪೆದ್ದಾಗಿ ನಿಂತು ನಮ್ಮನ್ನೇ ಹುಡುಕುತ್ತಿತ್ತು. ಅಂಕಲ್ ಬಂದೂಕನ್ನು ಎಡ ಭುಜಕ್ಕೇರಿಸಿದರು.

"ಇದೇ ಸಾಕು ಅಂಕಲ್, ಹೊಡೀರಿ," ಎಂದು ಪಿಸುಗುಟ್ಟಿದೆ. "ಮತ್ತೆ ಚಾನ್ಸ್ ಸಿಗಲ್ಲ."

ಅವರ ಬೆರಳು ಬಂದೂಕಿನ ಕುದುರೆಯ ಮೇಲಿತ್ತು. ಸಾಕೇ, ಬೇಡವೇ ಎಂದು ಆ ಮನುಷ್ಯ ಒಳಗೊಳಗೇ ಒದ್ದಾಡುತ್ತಿದ್ದುದು ನನಗೆ ಕಾಣುತ್ತಿತ್ತು. ಅಣ್ಣನಿಗೆ ಏನನ್ನೂ ಕೊಡದೇ ಹೋಗುವುದು ಒಂದು ಕಡೆ, ಕೇಳಿದ್ದನ್ನು ಬಿಟ್ಟು ಬೇರೆ ಏನನ್ನೋ ಕೊಡುವುದು ಇನ್ನೊಂದು ಕಡೆ. ಅಷ್ಟರಲ್ಲಿ ನಮ್ಮ ಬೆನ್ನ ಹಿಂದೆಯೇ ಆ ಮುದಿ ದನಿ ಒಮ್ಮೆ ಗೊಳಗುಟ್ಟಿತು. ಎಷ್ಟು ಹತ್ತಿರವೆಂದರೆ ನಾನು ಒರಗಿದ್ದ ಮರದ ತೊಗಟೆ ಅದುರಿತು. ಎದುರಿನ ಜೇಕ್ ತಲೆ ತಗ್ಗಿಸಿ ಮುದುಡಿ ನಿಂತಿತು.

ಅಂಕಲ್ ಬಂದೂಕು ಇಳಿಸಿದರು. "ಬಂದೆ ಅಣ್ಣಾ, ತಡೀ," ಎಂದರು, ಮನೆಯೊಳಗಿಂದ ಯಾರೋ ಕೂಗಿದ್ದಕ್ಕೆ ಓಗೊಟ್ಟ ಹಾಗೆ. ಆಮೇಲೆ ನಿಧಾನವಾಗಿ ತಿರುಗಿದರು. ನಾನೂ ತಿರುಗಿದೆ. ಹಿಂದೆ ಏನೂ ಇರಲಿಲ್ಲ. ಮರದ ಹಿಂದಿನ ಕೆಸರು ನುಣ್ಣಗೆ ಹಾಗೇ ಇತ್ತು, ಅದರ ಮೇಲೆ ಒಂದು ಹೆಜ್ಜೆಯೂ ಮೂಡಿರಲಿಲ್ಲ. ನಾವು ಮತ್ತೆ ಮುಂದೆ ನೋಡುವಷ್ಟರಲ್ಲಿ ಜೇಕ್ ಹೋಗಿಬಿಟ್ಟಿತ್ತು.

ಹೊತ್ತು ಮುಳುಗುವವರೆಗೂ ಕಾದೆವು. ಮತ್ತೆ ಆ ದನಿ ಬರಲೇ ಇಲ್ಲ.

ಆ ವರ್ಷದ ಅಮಾವಾಸ್ಯೆಗೂ ಅಂಗಡಿಯ ಕೋಳಿಯೇ. ಕಾಗೆಗಳೂ ಹಾಗೇ ಕೂತು ನೋಡಿದವು. ಚಳಿಗಾಲದಲ್ಲಿ, ಮಧ್ಯಾಹ್ನ ಊಟ ಮಾಡಿ ಕುರ್ಚಿಗೆ ಒರಗಿದ ಅಂಕಲ್ ಮತ್ತೆ ಏಳಲಿಲ್ಲ. ಎದೆಯ ಯಂತ್ರವೂ ಉಳಿಸಲಿಲ್ಲ. ಆಂಟಿ ಮನೆ ಮಾರಿ ಮಗಳ ಊರಿಗೆ ಹೋಗುವಾಗ ಈ ಪಾಟಿಯನ್ನು ನನ್ನ ಕೈಗಿಟ್ಟರು. ನನಗೆ ಓಕ್ ಬ್ರೂಕ್‌ನಲ್ಲಿ ಕೆಲಸವಾಯಿತು, ನಾನೂ ಅದರ ಪಕ್ಕದ ಈ ಊರಿಗೆ ಬಂದೆ.

ಮೊನ್ನೆ ಅಮಾವಾಸ್ಯೆಯ ಹಿಂದಿನ ದಿನ ಆಂಟಿ ಫೋನ್ ಮಾಡಿದ್ದರು. "ಪ್ರತಿ ವರ್ಷ ಅವರಿಗೆ ಎಡಿ ಇಡತೀನವ್ವಾ. ಕಾಗಿ ಬರತಾವ, ಕುಂದರತಾವ, ಮುಟ್ಟಂಗಿಲ್ಲ. ನೀನರ ಒಮ್ಮೆ ಇಟ್ಟು ನೋಡು. ನಿನ್ನ ಮಾತು ಕೇಳತಿದ್ದರು."

ಕೇಳುತ್ತಿದ್ದರಂತೆ! ಅವರು ನನ್ನ ಮಾತು ಕೇಳಿದ ಒಂದೇ ಒಂದು ದಿನವೂ ನನಗೆ ನೆನಪಿಲ್ಲ. ಆದರೂ ಕೋಳಿ ತಂದು ಸಾರು ಮಾಡಿದೆ. ಉಪ್ಪು ಜಾಸ್ತಿಯಾಯಿತು. ರೊಟ್ಟಿ ಬಡಿಯಲು ನನಗೆ ಬಾರದು. ಇಂಡಿಯನ್ ಅಂಗಡಿಯ ಪ್ಯಾಕೆಟ್ ರೊಟ್ಟಿಯನ್ನೇ ಬಿಸಿ ಮಾಡಿದೆ. ಡೆಕ್ಕಿನ ಮೇಲೆ ಎಡೆ ಇಟ್ಟು, ಒರೆಸಿದ ಪಾಟಿ ಹಿಡಿದು ಕಾದೆ. ಬೇಲಿಯ ಮೇಲೆ ಕಾಗೆಗಳು ಕೂತಿದ್ದವು. ಒಂದೂ ಇಳಿಯಲಿಲ್ಲ.

ಕಡ್ಡಿ ತೆಗೆದುಕೊಂಡು ಪಾಟಿಯ ಮೇಲೆ ಒಮ್ಮೆ ಉಜ್ಜಿದೆ. ಕೆಟ್ಟದಾಗಿ ಕಿರುಗುಟ್ಟಿತು. ಕೂಡಲೇ ಇಡೀ ಬಡಾವಣೆಯ ಹಕ್ಕಿಗಳೆಲ್ಲ ಸುಮ್ಮನಾದವು, ಅವತ್ತು ಕಾಡಿನಲ್ಲಿ ಆದ ಹಾಗೆಯೇ. ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಎಂದು ಮತ್ತೆ ಅನ್ನಿಸಿತು. ನಾನು ತಿರುಗಲಿಲ್ಲ... ಒಂದೇ ಒಂದು ಕಾಗೆ ಬೇಲಿಯಿಂದ ಇಳಿದು ನೇರ ಎಡೆಗೆ ಬಂತು. ಕೋಳಿಯ ತುಂಡನ್ನು ಎಡಗಾಲಿನಲ್ಲಿ ಒತ್ತಿ ಹಿಡಿದು ತಿನ್ನತೊಡಗಿತು. ಕಾಗೆಗಳಲ್ಲೂ ಎಡಚರಿರುತ್ತಾರೋ ಏನೋ, ನನಗೆ ಗೊತ್ತಿಲ್ಲ. ರೊಟ್ಟಿಯನ್ನೂ ಬಿಡಲಿಲ್ಲ.

ಆಂಟಿಗೆ ಫೋನ್ ಮಾಡಬೇಕಿತ್ತು, ಕೈ ಬರಲಿಲ್ಲ. ಜೀವ ಇದ್ದಿದ್ದರೆ ಆ ಮನುಷ್ಯ ಇಂಥ ಊಟಕ್ಕೆ ಒಪ್ಪುತ್ತಿರಲಿಲ್ಲ. ತಟ್ಟೆ ಸರಿಸಿ, ನನ್ನ ಅಡುಗೆಯನ್ನು ಆಡಿಕೊಂಡು ನಕ್ಕಿರುತ್ತಿದ್ದರು. ಇದೇ ಸಾಕು ಅಂಕಲ್ ಎಂದು ಅವತ್ತು ಹೇಳಿದ್ದೆ. ಅವರು ನನ್ನ ಮಾತು ಕೇಳಿದ್ದು ಈಗ. ಅವರು ಹೋಗಿಬಿಟ್ಟಿದ್ದಾರೆ ಎಂದು ನನಗೆ ನಿಜವಾಗಿ ಗೊತ್ತಾದದ್ದೂ ಆಗಲೇ. ಕಾಗೆ ತಟ್ಟೆ ಖಾಲಿ ಮಾಡುವವರೆಗೂ ನಾನು ಡೆಕ್ಕಿನ ಮೆಟ್ಟಿಲ ಮೇಲೆ ಕೂತು ಅತ್ತೆ.