ಮಷೀನು ಅಣ್ಣನಿಗೆ, ಬ್ಯಾಟರಿ ತಮ್ಮನಿಗೆ

ನನ್ನ ಗಂಡನ ಅಕ್ಕನನ್ನು ಇಡೀ ಬೀದಿಯೇ ಅಕ್ಕ ಎನ್ನುತ್ತದೆ. ನಾನೂ ಹಾಗೇ ಅನ್ನುತ್ತೇನೆ. ಅವರ ಬಗ್ಗೆ ಹೇಳಬೇಕೆಂದರೆ ಹುಲ್ಲು ಕತ್ತರಿಸುವ ಒಂದು ಮಷೀನಿನಿಂದ ಶುರು ಮಾಡಬೇಕು. ನಗುವವರು ನಗಲಿ. ನಾನಂತೂ ವರ್ಷಗಟ್ಟಲೆ ಅಳಲೂ ಆಗದೆ ನಗಲೂ ಆಗದೆ ನೋಡಿದವಳು.

ನಮ್ಮ ಮಾವನವರು ಅಕ್ಕಪಕ್ಕದಲ್ಲೇ ಎರಡು ಮನೆ ಕಟ್ಟಿಸಿ, ಹಿಂದಿನ ಹುಲ್ಲಿನ ಅಂಗಳ ಮಾತ್ರ ಇಬ್ಬರು ಗಂಡುಮಕ್ಕಳಿಗೂ ಸೇರಿದ್ದು ಎಂದು ಬಿಟ್ಟುಹೋದರು. ವೈರು ಎಳೆದಾಡುವ ತಾಪತ್ರಯ ಬೇಡವೆಂದು ಕೊನೆಗಾಲದಲ್ಲಿ ಬ್ಯಾಟರಿಯಿಂದ ಓಡುವ ಮಷೀನು ತಂದಿದ್ದರು. ಅವರು ಕಣ್ಣು ಮುಚ್ಚಿದ ಮೇಲೆ ಸಾಮಾನು ಹಂಚುವಾಗ ಅದರ ಮೇಲೇ ಜಗಳ ಹತ್ತಿಕೊಂಡಿತು. ನನಗೆ ಎಂದರು ನಮ್ಮ ಯಜಮಾನರು, ನನಗೆ ಎಂದ ಮೈದುನ. ಇಬ್ಬರಿಗೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಕೊನೆಗೆ ಮಷೀನು ನಮ್ಮ ಮನೆಗೆ ಬಂತು. ಬ್ಯಾಟರಿ, ಚಾರ್ಜರು ಮೈದುನನ ಮನೆಗೆ ಹೋದವು. ಬುದ್ಧಿ ಇರುವವರು ಮಾಡುವ ಕೆಲಸವೇ ಇದು? ಅವತ್ತಿನಿಂದ ಅಣ್ಣತಮ್ಮಂದಿರ ಮಾತು ನಿಂತಿತು.

ಆದರೆ ಹುಲ್ಲು ಬೆಳೆಯುವುದು ನಿಲ್ಲುತ್ತದೆಯೇ? ಆ ಕೆಲಸಕ್ಕೆ ಅಕ್ಕ ಬಂದರು. ತಾಯಿ ಇಲ್ಲದ ಈ ಇಬ್ಬರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಅವರು. ಬೀದಿಯ ಮೂಲೆಯಲ್ಲಿ ಅವರದೊಂದು ಹೊಲಿಗೆ ಅಂಗಡಿ. ಪರದೆಯ ಹಿಂದೆ ಒಂದು ಮಂಚ, ಒಂದು ಸ್ಟವ್, ಅಷ್ಟೇ ಸಂಸಾರ. ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಗಿರಾಕಿಗಳ ಹತ್ತಿರ ಹರಟುತ್ತಾರೆ. ಮದುವೆ ಯಾಕಾಗಲಿಲ್ಲ ಎಂದು ಕೇಳಿದರೆ, ಅಳತೆಗೆ ಸರಿಹೋಗುವವನು ಸಿಗಲಿಲ್ಲ ಎಂದು ನಗುತ್ತಾರೆ. ತಮ್ಮಂದಿರು ಓದಿ ನೆಲೆ ನಿಲ್ಲುವ ಹೊತ್ತಿಗೆ ಕೇಳಿಕೊಂಡು ಬರುವವರೇ ನಿಂತುಹೋಗಿದ್ದರು ಎನ್ನುವುದು ನಿಜ.

ಭಾನುವಾರ ಬೆಳಿಗ್ಗೆ ಮೈದುನನ ಮನೆಯಿಂದ ಬ್ಯಾಟರಿ ತರುವುದು, ಹುಲ್ಲು ಕತ್ತರಿಸಿದ ಮೇಲೆ ವಾಪಸು ಒಯ್ಯುವುದು ಅಕ್ಕನ ಪಾಲಿಗೆ ಬಂತು. ಬ್ಯಾಟರಿಯ ಜೊತೆ ಮಾತನ್ನೂ ಹೊರುತ್ತಿದ್ದರು. ಮೈದುನ, ಹಾಳುಮಾಡಿದರೆ ಸುಮ್ಮನಿರುವುದಿಲ್ಲ ಎಂದು ಗುಡುಗಿದ್ದು ನಮ್ಮ ಮನೆ ಮುಟ್ಟುವಷ್ಟರಲ್ಲಿ, ಜೋಪಾನ ಅಂದ ಕಣೋ ಎಂದಾಗುತ್ತಿತ್ತು. ಇವರು ಬೈದದ್ದೂ ಆ ಕಡೆಗೆ ಹಾಗೇ ತಣ್ಣಗಾಗಿ ಹೋಗುತ್ತಿತ್ತು. ಕೋಲೂ ಮುರಿಯಬಾರದು, ಹಾವೂ ಸಾಯಬಾರದು, ಹಾಗೆ ನಡೆಸಿಕೊಂಡು ಬಂದರು ಪಾಪ.

ಹೋದ ತಿಂಗಳು ಮೈದುನನ ಹಿಂದಿನ ಮೆಟ್ಟಿಲ ಮೇಲೆ ಕಾಲು ಜಾರಿ ಬಿದ್ದರು. ಮಂಡಿ ಊದಿತು, ಬ್ಯಾಟರಿಯ ಮೂಲೆ ಸ್ವಲ್ಪ ತರಚಿತು. ಮಂಡಿಯ ಚಿಂತೆ ಅವರಿಗಿಲ್ಲ. ಬ್ಯಾಟರಿ ಒಡೆದಿದ್ದರೆ ಗತಿಯೇನು ಎಂಬುದೊಂದೇ. ಅಂಗಡಿಗೆ ಹೋಗಿ, ಉಳಿದ ಬಟ್ಟೆ ಚೂರುಗಳನ್ನು ಜೋಡಿಸಿ, ಒಳಗೆ ಹತ್ತಿ ತುಂಬಿ, ಹೆಗಲಿಗೆ ಹಾಕಿಕೊಳ್ಳುವ ಚೀಲ ಹೊಲಿದರು. ಒಂದು ಕೈ ಮೆಟ್ಟಿಲ ಕಂಬಿ ಹಿಡಿಯಲು ಬಿಡುವಾಗಲಿ ಎಂದು. ಒಳಗಂತೂ ಮಗುವಿನ ಹಾಸಿಗೆಯಷ್ಟು ಮೆತ್ತಗಿತ್ತು.

ಅದಾದ ಮೇಲೆ ಮಷೀನು ನಿಂತಿತು. ಸದ್ದಿಲ್ಲ, ದೀಪವಿಲ್ಲ. ಯಜಮಾನರು ಸುರಕ್ಷತೆಯ ಕೀಲಿ ತೆಗೆದು, ಮಷೀನನ್ನು ಮಗುಚಿ ಹಾಕಿ, ಅಡಿಯಲ್ಲಿ ಮೆತ್ತಿದ್ದ ಹಸಿ ಹುಲ್ಲನ್ನೆಲ್ಲ ಕೆರೆದರು. ಅಲಗು ಸಲೀಸಾಗಿ ತಿರುಗುತ್ತಿತ್ತು. ಕೀಲಿ ಹಾಕಿ ಹಿಡಿಕೆ ಅದುಮಿದರೆ ಜಪ್ಪಯ್ಯ ಅನ್ನಲಿಲ್ಲ. ಬ್ಯಾಟರಿಯೇ ಸತ್ತಿದೆ ಎಂದು ತೀರ್ಪು ಕೊಟ್ಟರು. ಮೈದುನನ ಹತ್ತಿರ ಅದೇ ಬ್ಯಾಟರಿ ಕೂರುವ, ಬೇಲಿ ಸವರುವ ಮಷೀನೊಂದಿದೆ. ಅವನು ಬ್ಯಾಟರಿಯನ್ನು ಬ್ರಶ್ಶಿನಿಂದ ಉಜ್ಜಿ, ಅಣ್ಣನ ಮನೆಯ ಕಸ ಎಂದು ಗೊಣಗಿ, ಚಾರ್ಜಿಗಿಟ್ಟು, ಆಮೇಲೆ ಬೇಲಿಯ ಮಷೀನಿಗೆ ಹಾಕಿದರೆ ಗುರ್ರೆಂದು ಓಡಿತು. ಮುಂದಿನ ಭಾನುವಾರ ಅಕ್ಕ ಅದನ್ನೇ ತಂದರೆ ಇಲ್ಲಿ ಮತ್ತೆ ಮೌನ. ಅಲ್ಲಿ ಓಡುತ್ತದೆ, ಇಲ್ಲಿ ಓಡುವುದಿಲ್ಲ. ಬೇಕೆಂದೇ ಕೆಟ್ಟ ಬ್ಯಾಟರಿ ಕೊಟ್ಟು ಕಳಿಸುತ್ತಾನೆ ಎಂದು ಇವರು, ಮಷೀನು ಕೆಡಿಸಿಕೊಂಡು ನನ್ನ ಮೇಲೆ ಹೊರಿಸುತ್ತಾನೆ ಎಂದು ಅವನು.

ಹುಲ್ಲು ಮೊಣಕಾಲುದ್ದ ಬೆಳೆಯಿತು. ನಡುವೆ ಗೋಡೆ ಎಬ್ಬಿಸಿ, ನನ್ನ ಅರ್ಧಕ್ಕೆ ಕಾಂಕ್ರೀಟು ಹಾಕಿಸುತ್ತೇನೆ ಎಂದು ಯಜಮಾನರು ಹೇಳಿ ಕಳಿಸಿದರು. ಹಾಕಿಸಲಿ ಎಂದು ಆ ಕಡೆಯಿಂದ ಉತ್ತರ ಬಂತು. ಈ ಎರಡು ಮಾತನ್ನು ಮಾತ್ರ ಅಕ್ಕನಿಗೆ ಮೆತ್ತಗೆ ಮಾಡಲು ಆಗಲಿಲ್ಲ. ನಮ್ಮ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತುಬಿಟ್ಟರು.

"ಗೋಡೆ ಎದ್ರೆ ನಾನು ಯಾವ ನೆಪ ಹೇಳ್ಕೊಂಡು ಈ ಕಡೆಯಿಂದ ಆ ಕಡೆ ಹೋಗ್ಲಿ ಹೇಳು. ಸಾಯೋದ್ರೊಳಗೆ ಇಬ್ರೂ ಮಾತಾಡೋದನ್ನ ಒಂದ್ಸಲ ಕೇಳ್ಬೇಕು ಅಂತಿದ್ದೆ ಕಣೆ."

ಗೋಡೆಗೆ ಮೊದಲು ಕೊನೆಯದಾಗಿ ಒಂದು ಸಲ ಮಷೀನು ಹಾಕಿ ನೋಡಿ ಎಂದು ನಾನು ಯಜಮಾನರ ಬೆನ್ನು ಹತ್ತಿದೆ. ನನ್ನ ಕಾಟ ತಾಳಲಾರದೆ ಹೂಂ ಅಂದರು.

ಆ ಭಾನುವಾರ ಗಾರೆ ಮೇಸ್ತ್ರಿ ಬಂದು, ಹುಲ್ಲಿನ ನಡುವೆ ಗೂಟ ಹೊಡೆದು ದಾರ ಎಳೆದಾಗಿತ್ತು. ಅಕ್ಕ ಕುಂಟುತ್ತಾ ನಮ್ಮ ಹಿಂಬಾಗಿಲ ತನಕ ಬಂದರು. ಮುಂದೆ ಕಾಲು ಎತ್ತಲಾಗಲಿಲ್ಲ. ಖಾಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತರು. ನಾನು ತರುತ್ತೇನೆ ಎಂದು ಹೊರಟವಳು ನಿಂತೆ. ಇಷ್ಟು ವರ್ಷ ಅಕ್ಕ ಹೊತ್ತದ್ದು ಸಾಲದೇ? ಇದ್ದಲ್ಲಿಂದಲೇ ಮೈದುನನನ್ನು ಕೂಗಿ, ಅಕ್ಕನಿಗೆ ನಡೆಯಲು ಆಗುತ್ತಿಲ್ಲ, ಇವತ್ತು ನೀನೇ ತಂದುಕೊಡು ಎಂದೆ.

ಸುಮಾರು ಹೊತ್ತು ಯಾರೂ ಬರಲಿಲ್ಲ. ಆಮೇಲೆ ಬಂದ, ಮುಖ ಗಂಟಿಕ್ಕಿಕೊಂಡು, ಬ್ಯಾಟರಿಯನ್ನು ಕೈಯಲ್ಲಿ ಹಿಡಿದುಕೊಂಡು. ದಾರವನ್ನು ದಾಟಿ ಬಂದು ಮಷೀನಿಗೆ ತಾನೇ ಕೂರಿಸಿದ. ಯಜಮಾನರು ಅವನತ್ತ ನೋಡದೆ ಹಿಡಿಕೆ ಅದುಮಿದರು. ಮಷೀನು ಗುರ್ರೆಂದಿತು.

ಇಬ್ಬರೂ ಬೆಪ್ಪಾದರು. ಯಜಮಾನರು ಕೈ ಬಿಟ್ಟರು, ಮಷೀನು ನಿಂತಿತು.

"ಏನ್ ಮಾಡ್ದೆ ಇದಕ್ಕೆ?"

"ಏನೂ ಮಾಡಿಲ್ಲ ಅಣ್ಣ. ಸುಮ್ನೆ ತಂದೆ, ಅಷ್ಟೆ."

ಅಣ್ಣ ಎಂಬ ಮಾತು ಕಿವಿಗೆ ಬಿದ್ದದ್ದೇ ನಾನು ಅಕ್ಕನತ್ತ ತಿರುಗಿದೆ. ಅಕ್ಕನ ಗಮನ ಮಾತ್ರ ಬೇರೆ ಕಡೆ. ಬರಿಗೈಯಲ್ಲಿ ತಂದೆಯಲ್ಲೋ, ಬಿದ್ದಿದ್ದರೆ ಏನು ಮಾಡುತ್ತಿದ್ದೆ, ಇಷ್ಟು ಹತ್ತಿ ಹಾಕಿ ಹೊಲಿದದ್ದು ಯಾತಕ್ಕೆ ಎಂದು ಚೀಲ ಎತ್ತಿ ತೋರಿಸಿದರು.

ಅಣ್ಣತಮ್ಮ ಇಬ್ಬರೂ ಚೀಲವನ್ನು ನೋಡಿದರು. ಆಮೇಲೆ ಒಬ್ಬರನ್ನೊಬ್ಬರು ನೋಡಿದರು. ಮೈದುನ ಅದನ್ನು ತೆಗೆದುಕೊಂಡು ಒಳಮಗ್ಗುಲು ಹೊರಗೆ ಮಾಡಿದ. ನೂಲಿನ ತುಂಡು, ಹತ್ತಿಯ ನವಿರು ಪುರುಪುರು ಉದುರಿತು. ಯಜಮಾನರು ಬ್ಯಾಟರಿಯನ್ನು ಅದೇ ಚೀಲಕ್ಕೆ ಹಾಕಿ, ಹೆಗಲಿಗೆ ಏರಿಸಿ, ಅಂಗಳವನ್ನು ಒಂದು ಸುತ್ತು ಬಂದು ಮತ್ತೆ ಮಷೀನಿಗೆ ಕೂರಿಸಿದರು. ಉಸಿರಿಲ್ಲ. ತೆಗೆದು ನೋಡಿದರೆ, ಮಷೀನಿನ ತಗಡು ನಾಲಿಗೆಗಳು ಹೋಗಿ ಕೂರುವ ಬ್ಯಾಟರಿಯ ಸಂದುಗಳಲ್ಲೆಲ್ಲ ಹತ್ತಿ ತುರುಕಿಕೊಂಡಿತ್ತು. ಮೈದುನ ಬ್ರಶ್ಶಿನಿಂದ ಉಜ್ಜಿ ತೆಗೆಯುತ್ತಿದ್ದ ಅಣ್ಣನ ಮನೆಯ ಕಸ ಇದೇ.

ಇಬ್ಬರೂ ಒಟ್ಟಿಗೆ ಅಕ್ಕನ ಮೇಲೆ ಹರಿಹಾಯ್ದರು. ನಿನಗೆ ಯಾರು ಚೀಲ ಹೊಲಿ ಅಂದರು ಎಂದು ಒಬ್ಬರು, ಕೇಳಬಾರದಿತ್ತೇ ಎಂದು ಇನ್ನೊಬ್ಬ. ನಾನು ಕಳ್ಳನಾದೆ ಎಂದು ಮೈದುನ, ನಾನು ದಡ್ಡನಾದೆ ಎಂದು ಯಜಮಾನರು. ಒಬ್ಬರು ಉಸಿರು ತೆಗೆದುಕೊಂಡರೆ ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು.

ಅಕ್ಕ ತಲೆ ತಗ್ಗಿಸಿ ಕೇಳುತ್ತಿದ್ದರು. ನಾನು ನಡುವೆ ಬಾಯಿ ಹಾಕಲು ಹೋದರೆ ನನ್ನ ಕೈ ಹಿಡಿದು ತಡೆದರು. ತಲೆ ಎತ್ತಿದಾಗ ಕಣ್ಣಲ್ಲಿ ನೀರು, ಮುಖದ ತುಂಬ ನಗು.

"ಬೈಯ್ರೋ, ಇನ್ನೂ ಸ್ವಲ್ಪ ಬೈಯ್ರಿ. ಇಬ್ರೂ ಸೇರಿ ಬೈದು ಎಷ್ಟು ವರ್ಷ ಆಯ್ತು."

ಪಾಪ ಮೇಸ್ತ್ರಿಗೆ ಇದೊಂದೂ ತಲೆಗೆ ಹೋಗಿರಲಿಲ್ಲ. ಗೋಡೆ ಕೆಲಸ ಶುರು ಮಾಡಲೇ ಎಂದು ಕೇಳಿದ. ಯಜಮಾನರು, ನನ್ನ ತಮ್ಮನನ್ನು ಕೇಳಪ್ಪ ಎಂದರು. ಮೈದುನ ಹೋಗಿ ಗೂಟ ಕಿತ್ತು, ದಾರ ಸುತ್ತಿ, ಮೇಸ್ತ್ರಿಯ ಕೈಗೆ ಕೊಟ್ಟ.