ಸಲೆರ್ನೊದಲ್ಲಿ ನಾನು ನಾಲಿಗೆ ಹಚ್ಚಿದ ಕಾಗದ

ಸಲೆರ್ನೊ ನೋಡಿ ಬಂದೆ ಎಂದು ಹೇಳುವಾಗ ಈಗಲೂ ಎದೆ ಉಬ್ಬುತ್ತದೆ. ಅದರ ಹಿಂದೆಯೇ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಇಟಲಿಯ ದಕ್ಷಿಣಕ್ಕೆ ಸಮುದ್ರದ ದಂಡೆಯ ಮೇಲಿರುವ ಹಳೇ ಊರು ಅದು. ನನ್ನ ಮೊಮ್ಮಗಳು ಅಲ್ಲಿ ಹಳೇ ಕಾಗದ ರಿಪೇರಿ ಮಾಡುವ ಕೆಲಸದಲ್ಲಿದ್ದಾಳೆ. ಹುಳ ತಿಂದ ಪುಸ್ತಕ, ನೀರು ಕುಡಿದ ಪತ್ರ, ಮುಟ್ಟಿದರೆ ಪುಡಿಯಾಗುವ ಹಾಳೆ, ಅವನ್ನೆಲ್ಲ ತೊಳೆದು, ಹರಿದಲ್ಲಿ ತೇಪೆ ಹಾಕಿ ಉಳಿಸುತ್ತಾರೆ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು, ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವನು. ನನ್ನ ಮೊಮ್ಮಗಳು ಪರದೇಶದಲ್ಲಿ ಕಾಗದಕ್ಕೆ ಡಾಕ್ಟರು ಎಂದು ನಮ್ಮ ಬಡಾವಣೆ ಕಾಗದನಗರದಲ್ಲಿ ಯಾರಿಗೆ ಹೇಳಿಲ್ಲ ಕೇಳಿ.

ಟಿಕೆಟ್ ಕಳಿಸಿ ಅವಳೇ ಕರೆಸಿಕೊಂಡಳು. ಹೆಂಡತಿಗೆ ಮೊಣಕಾಲು ನೋವು, ನಾನೊಬ್ಬನೇ ಹೋದೆ. ಹೋದ ಮೇಲೆ ಗೊತ್ತಾಯಿತು, ಅವಳಿಗೆ ಅದು ಪರೀಕ್ಷೆಯ ವಾರ. ಆ ರಿಪೇರಿ ಮನೆಯ ಯಜಮಾನಿ, ಎಪ್ಪತ್ತು ದಾಟಿದ ಹೆಂಗಸು, ಆರು ತಿಂಗಳು ಕೆಲಸ ನೋಡುತ್ತೇನೆ, ಆಮೇಲೆ ಇಟ್ಟುಕೊಳ್ಳುವುದೋ ಬಿಡುವುದೋ ಹೇಳುತ್ತೇನೆ ಅಂದಿದ್ದರು. ಆ ಆರು ತಿಂಗಳು ಶುಕ್ರವಾರಕ್ಕೆ ಮುಗಿಯುತ್ತಿತ್ತು. ಬೇಡ ಅಂದರೆ ವೀಸಾ ಇಲ್ಲ, ಗಂಟು ಕಟ್ಟಬೇಕು.

"ಬೇಡ ಅಂದ್ರೆ ಊರಿಗೆ ಬಾ. ಶಿವಮೊಗ್ಗದ ಗಾಂಧಿ ಬಜಾರಲ್ಲಿ ನಿಮ್ಮಪ್ಪನ ಬಟ್ಟೆ ಅಂಗಡಿ ಇದೆಯಲ್ಲ" ಅಂದೆ.

"ಅಜ್ಜ, ಆ ಮಾತೊಂದು ಆಡ್ಬೇಡ" ಅಂದಳು.

ಆಗ ಅವಳ ಕೈ ನೋಡಿದೆ. ಉಗುರು ಕಚ್ಚಿ ಕಚ್ಚಿ ಬೆರಳ ತುದಿಗಳು ಕೆಂಪಾಗಿದ್ದವು.

ಗುರುವಾರ ರಜೆ ಹಾಕಿ ಊರು ತೋರಿಸಿದಳು. ಹಳೇ ಭಾಗದ ಓಣಿಗಳು ಎಷ್ಟು ಕಿರಿದು ಅಂದರೆ ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ನೆತ್ತಿಯ ಮೇಲೆ ಯಾರದೋ ಒದ್ದೆ ಬಟ್ಟೆ ತೊಟ್ಟಿಕ್ಕುತ್ತಿರುತ್ತದೆ. ದೊಡ್ಡ ಚರ್ಚಿನ ನೆಲಮಾಳಿಗೆಗೆ ಇಳಿದರೆ ಗೋಡೆಯ ತುಂಬ ಬಣ್ಣ ಬಣ್ಣದ ಕಲ್ಲು ಕೆತ್ತಿ ಕೂರಿಸಿದ್ದಾರೆ, ಕೆಳಗೆ ಒಬ್ಬ ಸಂತನ ಸಮಾಧಿ. ನಾನು ಬೂಟು ಬಿಚ್ಚಿದೆ.

"ಅಜ್ಜ, ಇಲ್ಲಿ ಯಾರೂ ಬಿಚ್ಚಲ್ಲ."

"ನೀನು ಬಿಚ್ಚಬೇಡ ಮಾರಾಯ್ತಿ. ಬೇಡಿಕೊಳ್ಳೋದು ನಾನು ತಾನೆ."

ಕಾಲ್ಚೀಲದಲ್ಲಿ ನಿಂತು, ಈ ಹುಡುಗಿಯನ್ನು ಇಲ್ಲೇ ಉಳಿಸಪ್ಪ ಎಂದು ಕೈ ಮುಗಿದೆ. ಕಲ್ಲಿನ ಥಂಡಿ ಮಂಡಿಯವರೆಗೂ ಹತ್ತಿತು.

ಅಲ್ಲಿಂದ ಬಸ್ಸಿನಲ್ಲಿ ಅಮಾಲ್ಫಿಗೆ. ಗುಡ್ಡವನ್ನು ಕಡಿದು ಮಾಡಿದ ರಸ್ತೆ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ, ತೀರ ಕೆಳಗೆ ಸಮುದ್ರ. ಆಗುಂಬೆ ಘಾಟಿಯಲ್ಲಿ ಬಿದ್ದರೆ ಮರವಾದರೂ ತಡೆಯುತ್ತದೆ. ಡ್ರೈವರ್ ತಿರುವು ಬಂದಾಗಲೆಲ್ಲ ಹಾರ್ನ್ ಹೊಡೆದು, ಪಕ್ಕದವರ ಜೊತೆ ಒಂದು ಕೈ ಆಡಿಸುತ್ತ ಮಾತಾಡುತ್ತಿದ್ದ. ನಾನು ಕಣ್ಣು ಮುಚ್ಚಿ ಮುಂದಿನ ಸೀಟಿನ ಕಂಬಿ ಹಿಡಿದೆ.

"ಕಣ್ಣು ಬಿಡು ಅಜ್ಜ. ಇದನ್ನ ನೋಡೋಕೆ ಅಂತ್ಲೇ ಎಲ್ಲೆಲ್ಲಿಂದಲೋ ಬರ್ತಾರೆ."

"ಅವರು ನೋಡ್ಲಿ. ನೀನು ಹೇಳು, ನಾನು ಕೇಳ್ತೀನಿ."

ಅವಳು ಹೇಳುತ್ತ ಹೋದಳು. ಗುಡ್ಡದ ಮೆಟ್ಟಿಲಲ್ಲಿ ಕಪ್ಪು ಬಲೆ ಹೊದಿಸಿದ ನಿಂಬೆ ತೋಟ, ಬಂಡೆಗೆ ಅಂಟಿಕೊಂಡ ಮನೆಗಳು, ಕೆಳಗೆ ಬೆರಳುಗುರಿನಷ್ಟು ಒಂದು ದೋಣಿ. ಅದೇ ದನಿಯಲ್ಲಿ, ನಡುವೆ ಉಸಿರೂ ತೆಗೆದುಕೊಳ್ಳದೆ, "ನಾಳೆ ಬೇಡ ಅಂದ್ರೆ ನಾನೇನು ಮಾಡ್ಲಿ ಅಜ್ಜ?" ಅಂದಳು. ಕಣ್ಣು ಬಿಟ್ಟೆ. ಅವಳು ಕಿಟಕಿಯ ಕಡೆ ನೋಡುತ್ತಿರಲಿಲ್ಲ.

ಅಮಾಲ್ಫಿಯ ಹಿಂದಿನ ಕಣಿವೆಯಲ್ಲಿ ನೂರಾರು ವರ್ಷದಿಂದ ಕೈಯಲ್ಲೇ ಕಾಗದ ಮಾಡುತ್ತಿದ್ದರಂತೆ. ಹಾಗೆ ಮಾಡಿ ತೋರಿಸುವ ಒಂದು ಜಾಗಕ್ಕೆ ಕರೆದುಕೊಂಡು ಹೋದಳು. ಹಳೇ ಹತ್ತಿ ಬಟ್ಟೆಯನ್ನು ಕುಟ್ಟಿ, ನೀರಲ್ಲಿ ಕಲಸಿ, ಜರಡಿಯಲ್ಲಿ ಎತ್ತುತ್ತಾರೆ. ನನ್ನ ಕೈಗೂ ಜರಡಿ ಕೊಟ್ಟರು. ನನ್ನ ಹಾಳೆ ಸಮನಾಗಿ ಬಂತು. ಒಣಗಿದ ಹಾಳೆಯೊಂದನ್ನು ತೆಗೆದುಕೊಂಡು ಮೂಲೆಗೆ ನಾಲಿಗೆ ಹಚ್ಚಿ ನೋಡಿದೆ. ಕಾರ್ಖಾನೆಗೆ ಸೇರಿದ ಹೊಸದರಲ್ಲಿ ನಮ್ಮ ತಮಿಳು ಮೇಸ್ತ್ರಿ ಕಲಿಸಿದ್ದು ಇದು. ಎಂಜಲನ್ನು ತಕ್ಷಣ ಹೀರಿದರೆ ಕಾಗದಕ್ಕೆ ಅಂಟು ಸಾಲದು, ಬರೆದರೆ ಶಾಯಿ ಒಡೆಯುತ್ತದೆ. ಮೇಲೆಯೇ ನಿಂತರೆ ಗಟ್ಟಿ ಮಾಲು. ಅಲ್ಲಿದ್ದವನು ನಕ್ಕು ನನ್ನ ಬೆನ್ನು ತಟ್ಟಿದ. ಅದೇ ಗುಂಗಿನಲ್ಲಿ ವಾಪಸ್ ಬಂದೆ.

ಶುಕ್ರವಾರ ಬೆಳಿಗ್ಗೆ ನನ್ನನ್ನೂ ಕೆಲಸದ ಜಾಗಕ್ಕೆ ಕರೆದುಕೊಂಡು ಹೋದಳು. ದೊಡ್ಡ ಮೇಜು, ಅದರ ಮೇಲೆ ಒಂದೇ ಒಂದು ಹಾಳೆ. ಮುನ್ನೂರು ವರ್ಷದ ಮದುವೆ ಕರಾರು ಅಂತ ಹೇಳಿ ಅವಳು ಕೈ ತೊಳೆಯಲು ಒಳಗೆ ಹೋದಳು. ಯಜಮಾನಿ ಆಚೆ ತಿರುಗಿ ಕಿಟಕಿ ತೆರೆಯುತ್ತಿದ್ದರು. ಆ ಕಾಗದದ ಮೈ ನೋಡಿ ನನಗೆ ತಡೆಯಲಾಗಲಿಲ್ಲ. ಬಗ್ಗಿದೆ, ಮೂಲೆ ಎತ್ತಿದೆ, ನಾಲಿಗೆ ಹಚ್ಚಿದೆ.

ಹೀರಿಬಿಟ್ಟಿತು. ಕಾಳುಮೆಣಸಿನಷ್ಟು ಒದ್ದೆ ಕಲೆ ಎದ್ದಿತು.

ಯಜಮಾನಿ ತಿರುಗಿ ನೋಡಿದರು. ಅವರು ಕಿರುಚಿದ್ದರೆ ಚೆನ್ನಾಗಿತ್ತು. ಕನ್ನಡಕ ಹಾಕಿಕೊಂಡು ಕಲೆಯನ್ನೇ ನೋಡುತ್ತ ನಿಂತರು. ಮೊಮ್ಮಗಳು ಒದ್ದೆ ಕೈಯಲ್ಲಿ ಓಡಿ ಬಂದಳು. ಅವರು ಏನೋ ಕೇಳಿದರು, ಇವಳು ಎದೆ ಮುಟ್ಟಿಕೊಂಡು ಏನೋ ಅಂದಳು. ಭಾಷೆ ಬಾರದಿದ್ದರೂ ಅದು ನನಗೆ ಅರ್ಥವಾಯಿತು.

"ನೀನು ಮಾಡಿದ್ದು ಅಂದ್ಯಾ?"

"ಸುಮ್ನಿರು ಅಜ್ಜ. ಹೊರಗಿನವರನ್ನ ಮೇಜಿನ ಹತ್ರ ಬಿಟ್ಟೆ ಅಂದ್ರೆ ಇನ್ನೂ ತಪ್ಪು."

ನಾನು ಯಜಮಾನಿಯ ಎದುರು ಹೋಗಿ ನಾಲಿಗೆ ಚಾಚಿದೆ. ಬೆರಳಲ್ಲಿ ಅದನ್ನು ತೋರಿಸಿ ಹಾಳೆಯನ್ನೂ ತೋರಿಸಿದೆ. ಆ ವಯಸ್ಸಾದ ಹೆಂಗಸಿನ ಎದುರು ಹಾಗೆ ನಿಲ್ಲುವಾಗ ಮೈಯೆಲ್ಲ ಬೆವೆತಿತ್ತು. ಅವರು ಕಲೆಯ ಮೇಲೆ ಒದ್ದೆ ಹೀರುವ ಒತ್ತುಕಾಗದ ಇಟ್ಟು, ಸಣ್ಣ ತೂಕದ ಕಲ್ಲು ಹೇರಿ ಒಳಗೆ ಹೋದರು.

ಎಷ್ಟು ಹೊತ್ತೋ. ಇವಳು ಗೋಡೆಗೆ ಒರಗಿ ಉಗುರು ಕಚ್ಚುತ್ತಿದ್ದಳು, ನನ್ನ ಮುಖ ನೋಡಲಿಲ್ಲ. ಇವಳ ಆರು ವರ್ಷದ ಓದು ನನ್ನ ಒಂದು ನೆಕ್ಕಿಗೆ ಹೋಯಿತಲ್ಲ, ಇವಳಮ್ಮನಿಗೆ, ನನ್ನ ಮಗಳಿಗೆ, ಯಾವ ಬಾಯಲ್ಲಿ ಹೇಳಲಿ ಎಂದು ನಿಂತಲ್ಲೇ ನಿಂತಿದ್ದೆ. ಕುರ್ಚಿ ಪಕ್ಕದಲ್ಲೇ ಇತ್ತು, ಮುಟ್ಟಲು ಹೆದರಿದೆ.

ಯಜಮಾನಿ ಒಂದು ಫೈಲು ತಂದು ಅವಳ ಮುಂದಿಟ್ಟರು. ಒಂದೊಂದು ಹಾಳೆಗೂ ಅಂಥದ್ದೊಂದು ಇರುತ್ತದಂತೆ, ಅದಕ್ಕೆ ಏನೇನಾಗಿದೆ ಎಲ್ಲ ಅದರಲ್ಲಿ ಬರೆಯಬೇಕು. ಅವಳು ಬರೆಯುತ್ತ ನನಗೂ ಹೇಳಿದಳು. "ಎಡಗಡೆ ಕೆಳ ಮೂಲೆ. ಎಂಜಲಿನ ಕಲೆ." ಪೆನ್ನು ನಿಂತಿತು. "ಯಾರಿಂದ ಅಂತ ಕೇಳ್ತಿದಾರೆ."

"ಅಜ್ಜ ಅಂತ ಬರಿ."

ಬರೆದಳು. ಅದರ ಕೆಳಗೆ, ಯಾರೂ ಹೇಳದೆ, ತಾನು ನನ್ನನ್ನು ಮೇಜಿನ ಹತ್ತಿರ ಒಂಟಿಯಾಗಿ ಬಿಟ್ಟಿದ್ದೂ, ಮೊದಲು ಸುಳ್ಳು ಹೇಳಿದ್ದೂ ಬರೆದು ನನಗೂ ಓದಿ ಹೇಳಿದಳು. ಯಜಮಾನಿ ಓದಿದರು, ಎರಡು ಮಾತು ಆಡಿದರು.

"ಇನ್ನೂ ಮೂರು ತಿಂಗಳು ನೋಡ್ತಾರಂತೆ" ಅಂದಳು ಅವಳು. ಇಟ್ಟುಕೊಂಡಂತೆಯೂ ಅಲ್ಲ, ಬಿಟ್ಟಂತೆಯೂ ಅಲ್ಲ.

ಊರಿಗೆ ಮರಳಿದ ಮೇಲೆ ಆ ಮೂರು ತಿಂಗಳು ಅವಳ ಫೋನ್ ಬಂದಾಗಲೆಲ್ಲ ಹೆಂಡತಿಯ ಕೈಗೇ ಕೊಡುತ್ತಿದ್ದೆ. ಮೊನ್ನೆ ಮೊಮ್ಮಗಳು ಹಟ ಮಾಡಿ ನನ್ನನ್ನೇ ಕರೆಸಿದಳು.

"ಇಟ್ಕೊಂಡ್ರು ಅಜ್ಜ. ಆ ಹಾಳೆ ತೊಳೆದವಳೂ ನಾನೇ. ಕಲೆ ಹೋಯ್ತು, ಫೈಲಲ್ಲಿ ಮಾತ್ರ ಇದೆ. ಅಮ್ಮನಿಗೆ ನೀನೇ ಹೇಳು."

ಶಿವಮೊಗ್ಗಕ್ಕೆ ಫೋನ್ ಹಚ್ಚಿದೆ. ಮಗಳು ಹಲೋ ಅಂದಳು. ಖುಷಿಗೆ ನನಗೆ ದನಿಯೇ ಹೊರಡಲಿಲ್ಲ.

"ಅಪ್ಪ? ಯಾಕೆ ಮಾತಾಡ್ತಿಲ್ಲ? ಪುಟ್ಟಿಗೇನಾದ್ರೂ ಆಯ್ತಾ?" ಆ ಕಡೆ ಅವಳ ಉಸಿರು ಜೋರಾಗುತ್ತಿತ್ತು. ಹೇಳಬೇಕು, ಬೇಗ ಹೇಳಬೇಕು ಎಂದು ನಾನು ಬಾಯಿ ತೆರೆಯುತ್ತಲೇ ಇದ್ದೆ.